ಹಿತ್ತಲಿಗೊಂದು ಮರದ ಡೆಕ್: ಹಲಗೆ ಆರಿಸುವ ಮೊದಲು ಕಾಲು ನೋಡಿ

‘ಹಿತ್ತಲಲ್ಲಿ ಒಂದು ಮರದ ಡೆಕ್ ಮಾಡಿಸೋಣ ಅಂತಿದೀವಿ, ಯಾವ ಮರ ಹಾಕಿಸೋದು?’ ಡೆಕ್ ಎಂದರೆ ಕೂರಲು ನೆಲದಿಂದ ಮೇಲೆತ್ತಿ ಕಟ್ಟಿದ ಹಲಗೆಯ ಜಗಲಿ. ಈ ಪ್ರಶ್ನೆ ಬಂದಾಗಲೆಲ್ಲ ನಾನು ತಿರುಗಿ ಕೇಳುವುದು ಒಂದೇ ಮಾತು: ನಿಮ್ಮ ಹಿತ್ತಲ ಮಣ್ಣು ಎಂಥದ್ದು? ಕೇಳಿದವರಿಗೆ ಕೊಂಚ ಬೇಸರವಾಗುತ್ತದೆ. ಸಾಗುವಾನಿಯೋ, ಹೊನ್ನೆಯೋ, ಅಂಗಡಿಯಲ್ಲಿ ತೋರಿಸಿದ ಪ್ಲಾಸ್ಟಿಕ್ ಮಿಶ್ರಣದ ಹಲಗೆಯೋ ಎಂದು ತಲೆ ಕೆಡಿಸಿಕೊಂಡು ಬಂದವರಿಗೆ ಮಣ್ಣಿನ ಮಾತು ಯಾಕೆ ಬೇಕು?

ನನ್ನ ಹಿತ್ತಲಲ್ಲಿ ಆದದ್ದನ್ನು ಹೇಳಿದರೆ ಯಾಕೆ ಎಂಬುದು ತಿಳಿಯುತ್ತದೆ. ದಾವಣಗೆರೆಯ ನಮ್ಮ ಮನೆಯ ಹಿಂದೆ ನಾನು ಹಾಕಿಸಿದ ಮೊದಲ ಡೆಕ್ಕಿಗೆ ಮೇಲೆ ಒಳ್ಳೆಯ ಸಾಗುವಾನಿ ಹಲಗೆ. ಅದಕ್ಕೇ ದುಡ್ಡೆಲ್ಲ ಖರ್ಚಾಗಿದ್ದರಿಂದ ಕೆಳಗಿನ ಕಾಲುಗಳಿಗೆ ನೀಲಗಿರಿ ಕಂಬ ತಂದು, ಬುಡಕ್ಕೆ ಡಾಂಬರು ಬಳಿದು, ಎರಡಡಿ ಮಣ್ಣಲ್ಲಿ ಹೂಳಿಸಿದೆ. ಮೂರನೇ ಮಳೆಗಾಲ ಮುಗಿಯುವ ಹೊತ್ತಿಗೆ, ಮಾವನವರು ಕಾಫಿ ಲೋಟ ಹಿಡಿದು ಕೂತಿದ್ದಾಗಲೇ ಒಂದು ಮೂಲೆ ಮೆಲ್ಲಗೆ ಕುಸಿಯಿತು. ಅವರಿಗೆ ಏನೂ ಆಗಲಿಲ್ಲ, ಕಾಫಿ ಮಾತ್ರ ಚೆಲ್ಲಿತು. ಹಲಗೆ ಬಿಚ್ಚಿ ನೋಡಿದರೆ ಕಂಬದ ಹೊರಮೈ ಹಾಗೇ ಇದೆ, ಒಳಗೆಲ್ಲ ಗೆದ್ದಲು ತಿಂದು ಮಣ್ಣು ತುಂಬಿದೆ. ರಿಪೇರಿಗೆ ಬಂದ ಆಚಾರ್ರು ಸುತ್ತ ಒಂದು ಸಲ ನೋಡಿ, ‘ಮ್ಯಾಲೆ ಸಾಗುವಾನಿ, ಕೆಳಗೆ ಸೌದೆ. ಹಿಂಗ್ ಮಾಡಿದ್ರೆ ಹೆಂಗ್ರೀ?’ ಅಂದರು. ಅವರಿಗೆ ಕೊಟ್ಟ ಕೂಲಿಗಿಂತ ಆ ಮಾತೇ ನನಗೆ ದುಬಾರಿ ಬಿತ್ತು.

ಈಚೆಗೆ ಮೂವರು ಇದೇ ಪ್ರಶ್ನೆ ಇಟ್ಟುಕೊಂಡು ಬಂದಿದ್ದರು. ಒಬ್ಬರು ದಾವಣಗೆರೆ ವಿದ್ಯಾನಗರದ ನಿವೃತ್ತ ದಂಪತಿ, ಸ್ವಂತ ಮನೆ, ಸಂಜೆ ಕೂರಲು ಜಾಗ ಬೇಕು. ಇನ್ನೊಬ್ಬರು ಚಿತ್ರದುರ್ಗದಲ್ಲಿ ಬಾಡಿಗೆ ಮನೆಯಲ್ಲಿರುವ ಮೇಷ್ಟ್ರು. ಮೂರನೆಯವರು ಚನ್ನಗಿರಿ ಕಡೆಯ ಅಡಿಕೆ ತೋಟದವರು, ತೋಟದಲ್ಲೇ ಸಿಲ್ವರ್ ಓಕ್ ಇದೆ, ಬದುವಿನಲ್ಲಿ ನಾಲ್ಕು ಸಾಗುವಾನಿಯೂ ಇವೆ. ಮೂವರಿಗೂ ಬೇರೆ ಬೇರೆ ಉತ್ತರ ಹೇಳಿದೆ. ಹಾಗೆ ಹೇಳುವ ಮೊದಲು ಏನೇನು ನೋಡಿದೆ ಎಂಬುದನ್ನು ಇಲ್ಲಿ ಬಿಡಿಸಿಡುತ್ತೇನೆ.

ಡೆಕ್ ಎಂದರೆ ಹೊಸದೇನಲ್ಲ

ಹೆಸರು ಹೊಸದಿರಬಹುದು, ಕಟ್ಟುವ ಬಗೆ ನಮ್ಮದೇ. ಚಿತ್ರದುರ್ಗ ಸೀಮೆಯ ಹಳೆಯ ಮಾಳಿಗೆ ಮನೆಯನ್ನು ನೆನಪಿಸಿಕೊಳ್ಳಿ. ಕಂಬ, ಕಂಬದ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಜಂತೆ, ಜಂತೆಯ ಮೇಲೆ ಹಲಗೆ. ಆ ಮಾಳಿಗೆಯನ್ನು ಮೊಣಕಾಲೆತ್ತರಕ್ಕೆ ಇಳಿಸಿ, ಮೇಲಿನ ಮಣ್ಣು ತೆಗೆದು, ಹಲಗೆಗಳ ನಡುವೆ ಸಂದು ಬಿಟ್ಟರೆ ಅದೇ ಡೆಕ್.

ಆ ಮನೆಗಳಲ್ಲಿ ಇನ್ನೊಂದು ಸಂಗತಿ ಗಮನಿಸಿ. ಮರದ ಕಂಬವನ್ನು ಯಾರೂ ನೆಲದಲ್ಲಿ ಹೂಳುತ್ತಿರಲಿಲ್ಲ. ಕೆಳಗೊಂದು ಕಲ್ಲು ಇಟ್ಟು ಅದರ ಮೇಲೆ ನಿಲ್ಲಿಸುತ್ತಿದ್ದರು. ನೂರು ವರ್ಷದ ಕಂಬವೂ ಗಟ್ಟಿಯಾಗಿರುವುದಕ್ಕೆ ಮರದ ಜಾತಿ ಎಷ್ಟು ಕಾರಣವೋ ಆ ಅಡಿಗಲ್ಲೂ ಅಷ್ಟೇ ಕಾರಣ. ಡಾಂಬರು ಬಳಿದು ಹೂಳುವ ಬುದ್ಧಿ ನನಗೆ ಎಲ್ಲಿಂದ ಬಂತೋ.

ಯಾವುದನ್ನು ಅಳೆಗೋಲು ಮಾಡಿಕೊಳ್ಳಬೇಕು

ಮೊದಲನೆಯದು ಗೆದ್ದಲು. ನಮ್ಮ ಕಡೆ ಮಳೆ ಕಡಿಮೆ, ಹಾಗಾಗಿ ಮಲೆನಾಡಿನ ಹಾಗೆ ಮರ ನೆನೆದು ಕೊಳೆಯುವ ಭಯ ಅಷ್ಟಿಲ್ಲ. ಇಲ್ಲಿ ಮರಕ್ಕೆ ಶತ್ರು ನೆಲದಿಂದಲೇ ಏಳುತ್ತದೆ. ಎರಡನೆಯದು ಬಿಸಿಲು. ಮಾರ್ಚಿಯಿಂದ ಮೇವರೆಗೆ ಹಲಗೆಯ ಮೇಲ್ಮೈ ಕಾಯುತ್ತದೆ, ತಳ ನೆರಳಲ್ಲಿ ತಣ್ಣಗಿರುತ್ತದೆ. ಮೇಲೆ ಕುಗ್ಗಿ ಕೆಳಗೆ ಕುಗ್ಗದಿದ್ದರೆ ಹಲಗೆ ಬಟ್ಟಲಿನ ಹಾಗೆ ಬಾಗುತ್ತದೆ, ಸೀಳುತ್ತದೆ, ಸ್ಕ್ರೂ ಸಡಿಲಾಗುತ್ತದೆ. ಆಮೇಲೆ ಸೆಪ್ಟೆಂಬರ್, ಅಕ್ಟೋಬರಿನ ಮಳೆ. ನಮ್ಮ ಕಡೆ ಜೋರು ಮಳೆ ಸುರಿಯುವುದು ಹೆಚ್ಚಾಗಿ ಆಗಲೇ. ಒಣಗಿ ಕುಗ್ಗಿದ ಮರ ಒಮ್ಮೆಲೇ ನೀರು ಕುಡಿದು ಹಿಗ್ಗುತ್ತದೆ. ವರ್ಷ ವರ್ಷ ಈ ಎಳೆದಾಟ ತಡೆಯುವ ಮರವೇ ಬೇಕು.

ಮೂರನೆಯದು ಮಣ್ಣು. ಎರೆ ಮಣ್ಣಿನ ಹಿತ್ತಲಾದರೆ ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು, ಮಳೆಯಲ್ಲಿ ಉಬ್ಬು. ಅದರ ಮೇಲೆ ಕೂತ ಕಾಲುಗಳು ಒಂದೊಂದು ಒಂದೊಂದು ಅಳತೆಯಲ್ಲಿ ಏಳುತ್ತವೆ, ಇಳಿಯುತ್ತವೆ. ಕೆಂಪು ಮಸಾರಿ ಅಥವಾ ಗರಸು (ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು) ನೆಲವಾದರೆ ಈ ತಂಟೆ ಇಲ್ಲ. ದುರ್ಗದ ಎಷ್ಟೋ ಮನೆಗಳಲ್ಲಿ ಎರಡಡಿ ಅಗೆದರೆ ಬಂಡೆಯೇ ಸಿಗುತ್ತದೆ, ಅವರು ಅದೃಷ್ಟವಂತರು.

ಇನ್ನು ಉಪಯೋಗ. ಸಂಜೆ ಕೂರುವುದಕ್ಕೆ ಮಾತ್ರವೋ, ಬೇಸಿಗೆಯಲ್ಲಿ ಸಂಡಿಗೆ, ಹಪ್ಪಳ, ಶೇಂಗಾ ಒಣಗಿಸುವುದಕ್ಕೂ ಬೇಕೋ? ತಿನ್ನುವ ಪದಾರ್ಥ ಹರವುವುದಾದರೆ ಔಷಧಿ ಹಾಕಿದ ಮರ ಬೇಡ. ಮನೆಯಲ್ಲಿ ವಯಸ್ಸಾದವರಿದ್ದಾರೋ, ಬರಿಗಾಲಲ್ಲಿ ಓಡುವ ಮಕ್ಕಳಿದ್ದಾರೋ? ಹಾಗಿದ್ದರೆ ಸಿಬರು ಏಳುವ ಮರ ಬೇಡ.

ಕೊನೆಗೆ ಪ್ರಾಮಾಣಿಕವಾಗಿ ಕೇಳಿಕೊಳ್ಳಬೇಕಾದದ್ದು: ವರ್ಷಕ್ಕೊಂದು ಸಲ ಒಂದು ಭಾನುವಾರ ಕೂತು ಎಣ್ಣೆ ಬಳಿಯುತ್ತೀರಾ? ಎಲ್ಲರೂ ಹ್ಞೂಂ ಅನ್ನುತ್ತಾರೆ. ಮಾಡುವವರು ಕಡಿಮೆ. ನೀವು ಮಾಡದವರ ಪೈಕಿ ಎಂದು ಈಗಲೇ ಒಪ್ಪಿಕೊಂಡರೆ ಆಯ್ಕೆ ಅರ್ಧ ಸುಲಭವಾಗುತ್ತದೆ.

ಸಾಗುವಾನಿ

ಹೆಸರಿಗೆ ತಕ್ಕ ಮರ, ಅನುಮಾನವಿಲ್ಲ. ಮೈಯಲ್ಲೇ ಎಣ್ಣೆಯಂಶ ಇರುವುದರಿಂದ ಗೆದ್ದಲು ಸುಲಭಕ್ಕೆ ಮುಟ್ಟುವುದಿಲ್ಲ. ಹಿಗ್ಗು ಕುಗ್ಗು ಕಡಿಮೆ, ಉಜ್ಜಿದರೆ ನುಣುಪು, ಬರಿಗಾಲಿಗೆ ಹಿತ. ಆದರೆ ಈ ಗುಣಗಳೆಲ್ಲ ಚೇಗಿಗೆ, ಅಂದರೆ ಮರದ ಒಳಗಿನ ಬಲಿತ ಭಾಗಕ್ಕೆ ಮಾತ್ರ. ಸುತ್ತಲಿನ ಬಿಳಿ ಭಾಗವನ್ನು ಗೆದ್ದಲು ಬೇರೆ ಮರದ ಹಾಗೇ ತಿನ್ನುತ್ತದೆ. ಹದಿನೈದು ಇಪ್ಪತ್ತು ವರ್ಷಕ್ಕೆ ಕಡಿದ ತೋಟದ ಸಾಗುವಾನಿಯಲ್ಲಿ ಈ ಬಿಳಿ ಭಾಗವೇ ಧಾರಾಳ. ಸಾಮಿಲ್ಲಿನಲ್ಲಿ ಹಲಗೆ ಆರಿಸುವಾಗ ಅಂಚು ನೋಡಿ. ಒಂದು ಬದಿ ಕಂದು, ಇನ್ನೊಂದು ಬದಿ ಕೆನೆ ಬಣ್ಣವಿದ್ದರೆ ನೀವು ಸಾಗುವಾನಿಯ ದರ ಕೊಟ್ಟು ಅರ್ಧ ಸಾಗುವಾನಿ ಒಯ್ಯುತ್ತಿದ್ದೀರಿ.

ಇನ್ನೊಂದು ಮಾತು. ಬಾಗಿಲಿಗೆ ಹಾಕಿದ ಸಾಗುವಾನಿಯ ಹೊನ್ನಿನ ಬಣ್ಣ ಹಿತ್ತಲಲ್ಲೂ ಉಳಿಯುತ್ತದೆ ಎಂದುಕೊಳ್ಳಬೇಡಿ. ಬಿಸಿಲು ಮಳೆಗೆ ಬಿಟ್ಟರೆ ಒಂದೆರಡು ವರ್ಷದಲ್ಲಿ ಬೂದಿ ಬಣ್ಣಕ್ಕೆ ತಿರುಗುತ್ತದೆ. ಮರಕ್ಕೆ ಏನೂ ಆಗಿರುವುದಿಲ್ಲ, ನೋಡುವವರಿಗೆ ಮಾತ್ರ ‘ಇದಕ್ಕಾ ಅಷ್ಟು ದುಡ್ಡು ಕೊಟ್ಟಿದ್ದು?’ ಅನ್ನಿಸುತ್ತದೆ.

ಹಳೆ ಮನೆಯ ಮರ

ನನ್ನನ್ನು ಕೇಳಿದರೆ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಯವರಿಗೆ ಇರುವ ದೊಡ್ಡ ಅನುಕೂಲ ಇದು. ಹಳ್ಳಿಗಳಲ್ಲಿ ಮಾಳಿಗೆ ಮನೆ ಕೆಡವಿ ಆರ್‌ಸಿಸಿ ಹಾಕುವುದು ನಡೆದೇ ಇದೆ. ಕೆಡವಿದ ಮನೆಯ ತೊಲೆ, ಜಂತೆ, ಬಾಗಿಲುವಾಡ ಎಲ್ಲ ಮಾರಾಟಕ್ಕೆ ಬರುತ್ತವೆ. ಅವು ಬಲಿತ ಮರದವು. ದಶಕಗಳ ಕಾಲ ಒಣಗಿ, ಹಿಗ್ಗುವುದು ಕುಗ್ಗುವುದು ಬಹುಮಟ್ಟಿಗೆ ಮುಗಿಸಿ ಸುಮ್ಮನೆ ಕೂತ ಮರ. ಹೊಸ ಹಸಿ ಸಾಗುವಾನಿಗಿಂತ ಹಳೆಯ ಮತ್ತಿಯ ಜಂತೆ ಎಷ್ಟೋ ನಂಬಿಕಸ್ಥ.

ಕಷ್ಟಗಳೂ ಇವೆ. ಉದ್ದ ಒಂದೇ ಸಮ ಸಿಗುವುದಿಲ್ಲ. ಒಳಗೆ ಮುರಿದ ಮೊಳೆ ಇರುತ್ತದೆ, ಗರಗಸದ ಅಲಗಿಗೆ ತಾಗಿದರೆ ಸಾಮಿಲ್ಲಿನವರು ಬೈಯುತ್ತಾರೆ, ಕೆಲವರು ಸೀಳಿಕೊಡುವುದಕ್ಕೇ ಒಪ್ಪುವುದಿಲ್ಲ. ಕೊಳ್ಳುವಾಗ ಉಳಿಯ ಹಿಡಿಯಿಂದ ಉದ್ದಕ್ಕೂ ಬಡಿದು ನೋಡಿ. ಗಟ್ಟಿ ಮರ ಟಣ್ ಎನ್ನುತ್ತದೆ, ಒಳಗೆ ಟೊಳ್ಳಾದದ್ದು ಡಬ್ ಎನ್ನುತ್ತದೆ. ಗೋಡೆಯೊಳಗೆ ಹುದುಗಿದ್ದ ತುದಿಗಳಲ್ಲೇ ಗೆದ್ದಲು ಇರುವುದು ಹೆಚ್ಚು, ಅದನ್ನು ಒಂದಡಿ ಕತ್ತರಿಸಿ ಬಿಸಾಕುವ ಲೆಕ್ಕದಲ್ಲೇ ದರ ಮಾತಾಡಿ. ಪುರುಸೊತ್ತು ಇರುವವರಿಗೆ, ನಾಲ್ಕು ಕಡೆ ಓಡಾಡಿ ಚೌಕಾಸಿ ಮಾಡುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಒಂದೇ ವಾರದಲ್ಲಿ ಕೆಲಸ ಮುಗಿಯಬೇಕು ಎನ್ನುವವರಿಗೆ ಬೇಡ.

ಮತ್ತಿ, ಹೊನ್ನೆ, ಜಂಬೆ

ಸಾಗುವಾನಿಯ ದುಡ್ಡು ಬೇಡ, ಗಟ್ಟಿತನ ಬೇಕು ಎನ್ನುವವರ ಮರಗಳು ಇವು. ಮೂರೂ ಸಾಗುವಾನಿಗಿಂತ ಭಾರ. ಮತ್ತಿಯನ್ನು ಒಣಗಿಸುವುದೇ ಒಂದು ತಪಸ್ಸು, ಅವಸರ ಮಾಡಿದರೆ ಸೀಳುತ್ತದೆ. ಮೊದಲು ಡ್ರಿಲ್ ಮಾಡದೆ ಸ್ಕ್ರೂ ಹೊಡೆದರೆ ಸ್ಕ್ರೂ ಮುರಿಯುತ್ತದೆ, ಇಲ್ಲವೇ ಹಲಗೆ ಒಡೆಯುತ್ತದೆ. ಕೂಲಿ ಹೆಚ್ಚು ಬೀಳುವುದು ಇದೇ ಕಾರಣಕ್ಕೆ, ಮರದಲ್ಲಿ ಉಳಿಸಿದ ದುಡ್ಡಿನ ಒಂದು ಪಾಲು ಆಚಾರ್ರ ಕೈಗೆ ಹೋಗುತ್ತದೆ. ಹೊನ್ನೆ ನೋಡಲು ಚೆಂದ, ಆದರೆ ನೀರು ಬಿದ್ದರೆ ಹಳದಿ ಕಂದು ಬಣ್ಣ ಬಿಡುತ್ತದೆ. ಮೊದಲ ಮಳೆಗೆ ಡೆಕ್ಕಿನ ಪಕ್ಕದ ಬಿಳಿ ಗೋಡೆ, ಬಿಳಿ ಟೈಲ್ಸು ಇದ್ದರೆ ಕಲೆ ಗ್ಯಾರಂಟಿ. ಬಿಳಿ ಪಂಚೆಯಲ್ಲಿ ಒದ್ದೆ ಹಲಗೆ ಮೇಲೆ ಕೂತವರ ಕಥೆ ಬೇರೆ ಹೇಳಬೇಕಿಲ್ಲ.

ಇಲ್ಲೇ ಒಂದು ಎಚ್ಚರಿಕೆ. ಒಗರು ಇರುವ ಇಂಥ ಮರಗಳಿಗೆ ಕಬ್ಬಿಣದ ಮೊಳೆ ಹೊಡೆದು ಅದಕ್ಕೆ ನೀರು ಸೇರಿದರೆ ಮೊಳೆಯ ಸುತ್ತ ಕಪ್ಪು ಕಲೆ ಹರಡುತ್ತದೆ. ಹಿಂದೆ ಅಣಲೆಕಾಯಿಯ ಒಗರಿಗೆ ಕಬ್ಬಿಣ ಸೇರಿಸಿ ಶಾಯಿ ಮಾಡುತ್ತಿದ್ದರಲ್ಲ, ಅದೇ ಕೆಲಸ ನಿಮ್ಮ ಹಲಗೆಯ ಮೇಲೆ ನಡೆಯುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿಸಿ. ಇಡೀ ಲೆಕ್ಕದಲ್ಲಿ ಅದು ಸಣ್ಣ ಖರ್ಚು.

ನೀಲಗಿರಿ, ಸಿಲ್ವರ್ ಓಕ್

ನೀಲಗಿರಿ ಅಗ್ಗ, ಉದ್ದುದ್ದ ಸಿಗುತ್ತದೆ. ಒಣಗುವಾಗ ತಿರುಚಿಕೊಳ್ಳುವುದರಲ್ಲಿ ಅದನ್ನು ಮೀರಿಸುವ ಮರ ನಾನು ಕಂಡಿಲ್ಲ. ಸೆಂಟ್ರಿಂಗ್ ಕಂಬಕ್ಕೆ ಅದು ಸರಿ. ಡೆಕ್ಕಿಗೆ ಹಾಕಲೇಬೇಕಾದರೆ ಚೆನ್ನಾಗಿ ಒಣಗಿದ ಹಲಗೆಯನ್ನೇ ಹುಡುಕಿ, ಅಗಲ ಮೂರಿಂಚು ಮೀರದ ಹಾಗೆ ಸೀಳಿಸಿ, ಅಗಲ ಕಡಿಮೆಯಾದಷ್ಟೂ ಬಾಗು ಕಡಿಮೆ. ಸಿಲ್ವರ್ ಓಕ್ ಬಾಗಿಲು, ಪೀಠೋಪಕರಣಕ್ಕೆ ಚೆಂದ. ಮಳೆ ಬಿಸಿಲಿಗೆ, ಗೆದ್ದಲಿಗೆ ನಿಲ್ಲುವ ಮರ ಅಲ್ಲ. ಮೇಲೆ ಶೀಟಿನ ಮಾಡು ಇದ್ದು, ಕಾಲು ಕಲ್ಲಿನದಾಗಿದ್ದರೆ ಮಾತ್ರ ಯೋಚಿಸಬಹುದು.

ಪೈನ್

ಪೈನಿನಲ್ಲಿ ಎರಡು ಬಗೆ, ಎರಡನ್ನೂ ಒಂದೇ ಎಂದುಕೊಂಡು ಮೋಸ ಹೋಗುವವರು ಬಹಳ. ಯಂತ್ರಗಳು ಬರುವ ಪೆಟ್ಟಿಗೆ, ಪ್ಯಾಲೆಟ್ ಬಿಚ್ಚಿದ ಪೈನ್ ಅಗ್ಗಕ್ಕೆ ಸಿಗುತ್ತದೆ. ಅದರ ಮೇಲೆ ‘ಎಚ್‌ಟಿ’ ಎಂಬ ಮುದ್ರೆ ತೋರಿಸಿ ‘ಟ್ರೀಟ್ ಮಾಡಿದ್ದು ಸಾರ್’ ಎನ್ನುತ್ತಾರೆ. ಆ ಮುದ್ರೆಯ ಅರ್ಥ ಮರದ ಒಳತಿರುಳನ್ನು 56 ಡಿಗ್ರಿಗೆ 30 ನಿಮಿಷ ಕಾಯಿಸಿ ಆಗ ಅದರಲ್ಲಿದ್ದ ಹುಳ ಸಾಯಿಸಿದ್ದಾರೆ ಎಂದಷ್ಟೇ. ನಾಳೆ ನಿಮ್ಮ ಹಿತ್ತಲಿನ ಗೆದ್ದಲಿಗೆ ಆ ಮುದ್ರೆ ಓದಲು ಬರುವುದಿಲ್ಲ. ಎರಡನೆಯದು ಒತ್ತಡದಲ್ಲಿ ಔಷಧಿ ತುಂಬಿಸಿದ ಪೈನ್. ಸಾಮಾನ್ಯವಾಗಿ ತಿಳಿ ಹಸಿರು ಛಾಯೆ ಇರುತ್ತದೆ. ಅದು ನಿಜಕ್ಕೂ ಬಾಳುತ್ತದೆ, ಹಗುರ, ಕೆಲಸ ಸುಲಭ. ಆದರೆ ಅದರ ಮೇಲೆ ಸಂಡಿಗೆ ಹರವುವ ಹಾಗಿಲ್ಲ, ತುಂಡುಗಳನ್ನು ಬಚ್ಚಲ ಒಲೆಗೆ ಹಾಕುವ ಹಾಗಿಲ್ಲ. ನಮ್ಮ ಮನೆಗಳಲ್ಲಿ ಉಳಿದ ಮರದ ಚೂರು ಹೋಗುವುದೇ ಬಚ್ಚಲ ಒಲೆಗೆ, ಆದ್ದರಿಂದ ಹೇಳಿದೆ.

ಅಡಿಕೆ ದಬ್ಬೆ

ಚನ್ನಗಿರಿ ಕಡೆಯವರಿಗೆ ಇದು ಕೈಗೆಟುಕುವ ವಸ್ತು. ಹಳೆಯ ಅಡಿಕೆ ಮರದ ಹೊರಭಾಗ ಕಬ್ಬಿಣದಷ್ಟು ಗಟ್ಟಿ, ಒಳಗಿನ ತಿರುಳು ಮೆತ್ತಗೆ. ತಿರುಳು ಪೂರ್ತಿ ಕೆತ್ತಿ ತೆಗೆದ ದಬ್ಬೆಯನ್ನು, ಅಂದರೆ ಸೀಳಿದ ಪಟ್ಟಿಯನ್ನು, ಒತ್ತೊತ್ತಾಗಿ ಬಡಿದರೆ ನಾಲ್ಕಾರು ವರ್ಷಕ್ಕೆ ಮೋಸವಿಲ್ಲ. ಸಮತಟ್ಟು ಇರುವುದಿಲ್ಲ, ಕುರ್ಚಿ ಅಲ್ಲಾಡುತ್ತದೆ. ನಾರಿನ ಸಿಬರು ಚುಚ್ಚಿದರೆ ತೆಗೆಯುವುದು ಕಷ್ಟ. ಚಾಪೆ ಹಾಸಿ ಕೂರುವವರಿಗೆ, ಫಸಲು ಒಣಗಿಸುವವರಿಗೆ ಸಾಕು.

ಡಬ್ಲ್ಯುಪಿಸಿ

ಮರದ ಪುಡಿ ಮತ್ತು ಪ್ಲಾಸ್ಟಿಕ್ ಬೆರೆಸಿ, ಕಾಯಿಸಿ, ಅಚ್ಚಿನ ಮೂಲಕ ಒತ್ತಿ ತೆಗೆದ ಹಲಗೆ. ಗೆದ್ದಲಿನ ಚಿಂತೆ ಇಲ್ಲ, ಎಣ್ಣೆ ಬಳಿಯುವ ಭಾನುವಾರ ಇಲ್ಲ, ಸಿಬರು ಇಲ್ಲ. ಎಣ್ಣೆ ಬಳಿಯುವುದಿಲ್ಲ ಎಂದು ಒಪ್ಪಿಕೊಂಡವರಿಗೆ ಇದೇ ಸರಿ ಎಂದು ಹೇಳಬೇಕಿತ್ತು, ಒಂದು ಅಡ್ಡಿ ಇದೆ: ಬಿಸಿಲು. ನೆರಳಿಲ್ಲದ ಹಿತ್ತಲಲ್ಲಿ, ಅದರಲ್ಲೂ ಗಾಢ ಬಣ್ಣದ್ದಾದರೆ, ಏಪ್ರಿಲ್ ಮಧ್ಯಾಹ್ನ ಅದರ ಮೇಲೆ ಬರಿಗಾಲಿಡಲು ಆಗದು. ಕಾದಾಗ ಉದ್ದಕ್ಕೆ ಹಿಗ್ಗುತ್ತದೆ, ತುದಿಯಲ್ಲಿ ಜಾಗ ಬಿಡದೆ ಕೂರಿಸಿದರೆ ಉಬ್ಬಿ ಎದ್ದು ನಿಲ್ಲುತ್ತದೆ. ಮರದಷ್ಟು ಬಿಗಿ ಇಲ್ಲದ್ದರಿಂದ ಜಂತೆಗಳನ್ನು ಒಂದಡಿಗೊಂದರಂತೆ ಹತ್ತಿರ ಹಾಕಬೇಕು, ಅಂದರೆ ಕೆಳಗಿನ ಖರ್ಚು ಹೆಚ್ಚು. ಮತ್ತೆ, ಗೀರು ಬಿದ್ದರೆ ಮರದ ಹಾಗೆ ಉಜ್ಜಿ ಹೊಸದು ಮಾಡಲಾಗದು. ಬೇವಿನ ಮರದ ನೆರಳೋ, ಮನೆಯ ಪೂರ್ವದ ಬದಿಯೋ ಇದ್ದವರು ಧೈರ್ಯವಾಗಿ ಹಾಕಿಸಿ, ತಿಳಿ ಬಣ್ಣದ್ದನ್ನೇ ಆರಿಸಿ.

ಮರವೇ ಬೇಕೇ ಎಂದೂ ಒಂದು ಸಲ ಕೇಳಿಕೊಳ್ಳಿ. ದುರ್ಗದಲ್ಲಿ ಏಳು ಸುತ್ತಿನ ಕೋಟೆಯ ಪಕ್ಕ ಕೂತು ಕಲ್ಲನ್ನು ಮರೆಯುವುದು ತಮಾಷೆಯೇ ಸರಿ. ಚಪ್ಪಡಿ ಕಲ್ಲಿನ ಕಟ್ಟೆಗೆ ಗೆದ್ದಲಿಲ್ಲ, ಎಣ್ಣೆಯಿಲ್ಲ, ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ. ಹಗಲಿನ ಕಾವು ಹಿಡಿದಿಟ್ಟುಕೊಂಡು ಸಂಜೆ ಏಳೆಂಟರವರೆಗೂ ಬಿಸಿ ಬಿಡುತ್ತದೆ ಎಂಬುದೊಂದೇ ದೂರು. ಮರದ ಹಲಗೆ ಬಿಸಿಲು ಇಳಿದ ಸ್ವಲ್ಪ ಹೊತ್ತಿಗೇ ತಣಿಯುತ್ತದೆ, ಸಂದಿನಿಂದ ಗಾಳಿ ಆಡುತ್ತದೆ. ಸಂಜೆ ಆರಕ್ಕೆ ಕೂರುವವರಿಗೆ ಮರ, ಬೆಳಗಿನ ಕಾಫಿಗೆ ಮಾತ್ರ ಕೂರುವವರಿಗೆ ಕಲ್ಲೂ ಆದೀತು.

ಕಾಲು ಮತ್ತು ಚೌಕಟ್ಟು

ಮೇಲಿನ ಯಾವ ಹಲಗೆ ಆರಿಸಿದರೂ ಕೆಳಗಿನದು ಸರಿ ಇಲ್ಲದಿದ್ದರೆ ನನ್ನ ಸಾಗುವಾನಿಯ ಕಥೆಯೇ ನಿಮ್ಮದೂ. ಕಾಲಿಗೆ ಮರ ಬೇಡವೇ ಬೇಡ. ಬೇಲಿಗೆ ಹಾಕುವ ಕಲ್ಲು ಕಂಬವನ್ನು ತುಂಡು ಮಾಡಿಸಿ ನಿಲ್ಲಿಸಿ, ಇಲ್ಲವೇ ಕಾಂಕ್ರೀಟಿನ ಪೀಠ ಕಟ್ಟಿಸಿ. ನೆಲದಿಂದ ಕನಿಷ್ಠ ಒಂದಡಿ ಎತ್ತರದವರೆಗೆ ಮರ ಇರಬಾರದು. ಆಗಲೂ ಗೆದ್ದಲು ಕಲ್ಲಿನ ಮೈಮೇಲೆ ಮಣ್ಣಿನ ಕೊಳವೆ ಕಟ್ಟಿಕೊಂಡು ಹತ್ತುತ್ತದೆ. ಆದರೆ ಅದು ಕಣ್ಣಿಗೆ ಕಾಣುತ್ತದೆ, ಪೊರಕೆಯಲ್ಲಿ ಗುಡಿಸಿ ಹಾಕಬಹುದು. ಹೂತ ಕಂಬದೊಳಗೆ ನಡೆಯುವುದು ಕಾಣುವುದಿಲ್ಲ, ಇಷ್ಟೇ ವ್ಯತ್ಯಾಸ.

ಎತ್ತರದ ವಿಷಯದಲ್ಲಿ ಹೆಂಗಸರು ಮೊದಲು ಕೇಳುವ ಪ್ರಶ್ನೆ ‘ಅಡೀಗೆ ಹಾವು ಚೇಳು ಸೇರ್ಕೊಂಡ್ರೆ?’ ನ್ಯಾಯವಾದ ಪ್ರಶ್ನೆ. ಅರ್ಧ ಅಡಿ ಎತ್ತರದ ಡೆಕ್ಕೇ ಅತಿ ಕೆಟ್ಟದ್ದು. ಇಲಿ ನುಗ್ಗುತ್ತದೆ, ಅದರ ಹಿಂದೆ ಹಾವು, ಪೊರಕೆ ಮಾತ್ರ ನುಗ್ಗುವುದಿಲ್ಲ. ಒಂದೂವರೆ ಅಡಿ ಎತ್ತರ ಇಟ್ಟು ಆಚೆ ಈಚೆ ಬೆಳಕು ಹಾಯುವಂತೆ ಮಾಡಿ, ಅಡಿಯ ನೆಲಕ್ಕೆ ಜಲ್ಲಿ ಹಾಕಿಸಿ. ಸೌದೆ, ತೆಂಗಿನ ಗರಿ ತುರುಕಬೇಡಿ. ಆ ಜಾಗ ಕಂಡರೆ ತುರುಕುವ ಆಸೆ ಎಲ್ಲರಿಗೂ ಆಗುತ್ತದೆ.

ಎರೆ ಮಣ್ಣಿನವರಿಗೆ ಎರಡು ದಾರಿ. ಗರಸು ಸಿಗುವವರೆಗೆ ಅಗೆದು ಪೀಠ ಹಾಕುವುದು ಒಂದು. ಮೂರು ನಾಲ್ಕಡಿಗೂ ಗರಸು ಸಿಗದಿದ್ದರೆ ದುಡ್ಡು ನೀರಿನಂತೆ ಹೋಗುತ್ತದೆ. ಆಗ ಎರಡನೆಯದು ವಾಸಿ: ಒಂದಡಿ ಎರೆ ತೆಗೆದು ಗರಸು ತುಂಬಿ ದಮ್ಮಸ್ಸು ಮಾಡಿ, ಅದರ ಮೇಲೆ ಕಲ್ಲು ಕೂರಿಸಿ ಡೆಕ್ಕನ್ನು ಸುಮ್ಮನೆ ಇಟ್ಟುಬಿಡುವುದು. ನೆಲ ಎದ್ದಾಗ ಅದೂ ಏಳುತ್ತದೆ, ಇಳಿದಾಗ ಇಳಿಯುತ್ತದೆ. ವರ್ಷಕ್ಕೊಮ್ಮೆ ಮಟ್ಟಗೋಲು ಇಟ್ಟು ಕಲ್ಲಿನ ಮೇಲೆ ತೆಳು ಚಕ್ಕೆ ಕೊಟ್ಟು ಸರಿ ಮಾಡಿದರಾಯಿತು. ಹೀಗೆ ಮಾಡುವಾಗ ಮನೆ ಗೋಡೆಗೆ ಮಾತ್ರ ಬೋಲ್ಟ್ ಹಾಕಬೇಡಿ. ಡೆಕ್ ಆಡುತ್ತದೆ, ಗೋಡೆ ಆಡುವುದಿಲ್ಲ, ನಡುವೆ ಬಿರುಕು ಬಿಡುವುದು ನಿಮ್ಮ ಪ್ಲಾಸ್ಟರು.

ತೊಲೆ ಜಂತೆಗೆ ಮರವೋ ಕಬ್ಬಿಣವೋ? ಈಗ ನನ್ನ ಮನೆಯಲ್ಲಿರುವುದು ಕಬ್ಬಿಣದ ಚೌಕಟ್ಟು, ಮೇಲೆ ಅದೇ ಹಳೆಯ ಸಾಗುವಾನಿ ಹಲಗೆ. ವೆಲ್ಡಿಂಗ್ ಕೆಲಸದವರು ಎಲ್ಲ ಕಡೆ ಸಿಗುತ್ತಾರೆ, ಎರಡು ದಿನದ ಕೆಲಸ. ಪೈಪಿನ ತುದಿ ಮುಚ್ಚಿಸಿ, ಬೆಸುಗೆಯ ಜಾಗಕ್ಕೆ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಎರಡು ಕೋಟು ಬಿಡದೆ ಹೊಡೆಸಿ. ತುಕ್ಕು ಶುರುವಾಗುವುದು ಸ್ಕ್ರೂ ತೂತುಗಳಿಂದ, ಅಲ್ಲೂ ಬಣ್ಣದ ಒಂದೊಂದು ತೊಟ್ಟು ಬಿಡಿಸಿ. ಕಬ್ಬಿಣದ ಚೌಕಟ್ಟಿನ ದೊಡ್ಡ ಅನುಕೂಲ ಎಂದರೆ ಮೇಲಿನ ಹಲಗೆ ಯಾವುದೇ ಇರಲಿ, ಹತ್ತು ವರ್ಷಕ್ಕೆ ಹಾಳಾದರೂ ಬಿಚ್ಚಿ ಬೇರೆ ಹಾಕಬಹುದು.

ಲೆಕ್ಕ

12 ಅಡಿ ಉದ್ದ, 10 ಅಡಿ ಅಗಲದ ಡೆಕ್ ಇಟ್ಟುಕೊಳ್ಳಿ. ನಾಲ್ಕು ಕುರ್ಚಿ, ಒಂದು ಟೀಪಾಯಿಗೆ ಧಾರಾಳ. ಮರ ಮಾರುವುದು ಸಿಎಫ್‌ಟಿ, ಅಂದರೆ ಘನ ಅಡಿಯ ಲೆಕ್ಕದಲ್ಲಿ. ಅಗಲ ಇಂಚಿನಲ್ಲಿ, ದಪ್ಪ ಇಂಚಿನಲ್ಲಿ, ಉದ್ದ ಅಡಿಯಲ್ಲಿ ಹಿಡಿದು ಮೂರನ್ನೂ ಗುಣಿಸಿ 144ರಿಂದ ಭಾಗಿಸಿ. ನಾಲ್ಕಿಂಚು ಅಗಲ, ಒಂದಿಂಚು ದಪ್ಪ, 12 ಅಡಿ ಉದ್ದದ ಹಲಗೆ 29 ಬೇಕು. ಕತ್ತರಿಸಿ ಹಾಳಾಗುವುದೂ ಸೇರಿ ಸುಮಾರು ಹತ್ತೂವರೆ ಸಿಎಫ್‌ಟಿ. 3×2 ಇಂಚಿನ, ಹತ್ತಡಿಯ ಜಂತೆ ಹದಿನಾರು ಇಂಚಿಗೊಂದರಂತೆ ಹತ್ತು, ಅಂದರೆ ನಾಲ್ಕು ಚಿಲ್ಲರೆ ಸಿಎಫ್‌ಟಿ. 4×3 ಇಂಚಿನ, 12 ಅಡಿಯ ತೊಲೆ ಮೂರು, ಅಂದರೆ ಮೂರು ಸಿಎಫ್‌ಟಿ. ಒಟ್ಟು ಹದಿನೆಂಟು. ತೊಲೆಯೊಂದಕ್ಕೆ ನಾಲ್ಕಡಿಗೊಂದರಂತೆ ನಾಲ್ಕು ಕಾಲು, ಒಟ್ಟು ಹನ್ನೆರಡು. ಸ್ಕ್ರೂ ಆರುನೂರು ತರಿಸಿ.

ಸಾಗುವಾನಿಯನ್ನು ಸಿಎಫ್‌ಟಿಗೆ 3,000 ರೂಪಾಯಿ ಎಂದು ಹಿಡಿಯೋಣ (ನಿಮಗೆ ಹೇಳಿದ ದರ ಬೇರೆ ಇದ್ದರೆ ಅದನ್ನೇ ಹಾಕಿಕೊಳ್ಳಿ). ಎಲ್ಲವನ್ನೂ ಅದರಲ್ಲೇ ಮಾಡಿದರೆ ಮರಕ್ಕೇ 54,000. ಹಲಗೆ ಮಾತ್ರ ಸಾಗುವಾನಿ ಎಂದರೆ 31,500. ಉಳಿದ 22,500ರಲ್ಲಿ ಚೌಕಟ್ಟಿನ ಕಬ್ಬಿಣ ಬರುತ್ತದೆಯೇ ನೋಡಿ. 20 ಅಡಿಯ ಪೈಪು ಏಳೆಂಟು ಬೇಕಾಗುತ್ತದೆ, ಜೊತೆಗೆ ವೆಲ್ಡಿಂಗ್ ಕೂಲಿ. ಒಂದು ಕಿವಿಮಾತು: ಸಾಮಿಲ್ಲಿನ ಒಂದಿಂಚಿನ ಹಲಗೆ ಉಜ್ಜಿದ ಮೇಲೆ ಒಂದಿಂಚು ಉಳಿಯುವುದಿಲ್ಲ. ದುಡ್ಡು ಮಾತ್ರ ಒಂದಿಂಚಿಗೇ.

ಬಿಲ್ಲು ಕೇಳಿ ಇಟ್ಟುಕೊಳ್ಳಿ. ಸ್ವಂತ ಜಮೀನಿನ ಸಾಗುವಾನಿಯಾದರೂ ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು. ಸಿಲ್ವರ್ ಓಕ್, ನೀಲಗಿರಿಯಂಥ ಕೆಲವು ಮರಗಳಿಗೆ ಕರ್ನಾಟಕದ 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ಕಡಿಯುವ ಅನುಮತಿಯಿಂದ ವಿನಾಯಿತಿ ಇದೆ.

ಮೂವರಿಗೆ ಹೇಳಿದ್ದು

ವಿದ್ಯಾನಗರದ ದಂಪತಿಯ ಹಿತ್ತಲು ಎರೆ ಮಣ್ಣು, ಪಶ್ಚಿಮದ ಬಿಸಿಲು ನೇರ ಬೀಳುತ್ತದೆ. ಎಣ್ಣೆ ಬಳಿಯುವ ತ್ರಾಣ ಇಲ್ಲ, ದುಡ್ಡಿಗೆ ತೊಂದರೆ ಇಲ್ಲ. ಅವರಿಗೆ ಮೊದಲು ಹೊಳೆದದ್ದು ಡಬ್ಲ್ಯುಪಿಸಿ. ಆ ಬಿಸಿಲಿಗೆ ಬೇಡ ಎಂದೆ. ಗರಸಿನ ಮೇಲೆ ಕಲ್ಲು, ಕಬ್ಬಿಣದ ಚೌಕಟ್ಟು, ಚೇಗಿನ ಸಾಗುವಾನಿ ಹಲಗೆ. ಎಣ್ಣೆ ಬಳಿಯದಿದ್ದರೆ ಬೂದಿ ಬಣ್ಣವಾಗುತ್ತದೆ, ಆಗಲಿ ಬಿಡಿ ಎಂದೆ. ಅಮ್ಮನವರು ಒಪ್ಪಿದರು, ಯಜಮಾನರು ಇನ್ನೂ ಯೋಚಿಸುತ್ತಿದ್ದಾರೆ.

ದುರ್ಗದ ಮೇಷ್ಟ್ರಿಗೆ ಬಾಡಿಗೆ ಮನೆ, ವರ್ಗವಾದರೆ ಹೊರಡಬೇಕು. ನೆಲ ಗಟ್ಟಿ. ನಾಲ್ಕಡಿಗೆ ಮೂರಡಿ ಅಳತೆಯ, ಇಬ್ಬರು ಎತ್ತಬಹುದಾದ ಆರು ಚೌಕಗಳನ್ನು ಮಾಡಿಸಿ ಕಲ್ಲಿನ ಮೇಲೆ ಜೋಡಿಸಿ, ಹೋಗುವಾಗ ಲಾರಿಗೆ ಹಾಕಿಕೊಂಡು ಹೋಗಿ ಎಂದೆ. ಮರ ಹಳೇ ಮನೆಯದು. ತುಂಡು ತುಂಡು ಉದ್ದ ಸಿಗುವ ಕಷ್ಟ ಇಲ್ಲಿ ಕಷ್ಟವೇ ಅಲ್ಲ, ಅವರಿಗೆ ಬೇಕಾದದ್ದೇ ತುಂಡು.

ಚನ್ನಗಿರಿಯವರಿಗೆ ಮನೆಯಲ್ಲೇ ಮರ ಇದೆಯಲ್ಲ ಎಂಬ ಹುರುಪು. ಸಿಲ್ವರ್ ಓಕನ್ನು ಬಯಲಿಗೆ ಹಾಕಬೇಡಿ, ಈ ವರ್ಷ ಅಡಿಕೆ ದಬ್ಬೆಯಲ್ಲೇ ಮಾಡಿ, ಕಾಲು ಚೌಕಟ್ಟು ಮಾತ್ರ ಕಲ್ಲು ಕಬ್ಬಿಣದಲ್ಲಿ ಗಟ್ಟಿ ಮಾಡಿಕೊಳ್ಳಿ ಎಂದೆ. ಅಷ್ಟರಲ್ಲಿ ಅನುಮತಿ ಪಡೆದು ಬದುವಿನ ಒಂದು ಸಾಗುವಾನಿ ಕಡಿಸಿ, ಹಲಗೆ ಸೀಳಿಸಿ, ನೆರಳಲ್ಲಿ ಪಟ್ಟಿಗಳ ಮೇಲೆ ಅಟ್ಟಿ ಒಟ್ಟಿದರೆ ಒಂದಿಂಚಿನ ಹಲಗೆಗೆ ಒಂದು ವರ್ಷ ಬೇಕು ಒಣಗಲು. ದಬ್ಬೆ ಸವೆಯುವ ಹೊತ್ತಿಗೆ ಹಲಗೆ ತಯಾರು.

ಕೆಲಸ ಹಿಡಿಯುವ ಕಾಲ ದೀಪಾವಳಿಯ ನಂತರ. ಮಳೆ ಮುಗಿದಿರುತ್ತದೆ, ಬಿಸಿಲು ಏರಿರುವುದಿಲ್ಲ. ಹಲಗೆ ತಂದ ದಿನವೇ ಬಡಿಸಬೇಡಿ, ಎರಡು ವಾರ ಹಿತ್ತಲಲ್ಲೇ ನೆರಳಿಗೆ ಬಿಡಿ. ಹಲಗೆಗಳ ನಡುವೆ ನಾಲ್ಕಿಂಚಿನ ಮೊಳೆ ಇಟ್ಟು ಅದರ ದಪ್ಪದಷ್ಟೇ ಸಂದು ಬಿಡಿಸಿ. ವಾರ್ನಿಷ್ ಬೇಡ, ಬಿಸಿಲಿಗೆ ಸಿಪ್ಪೆ ಏಳುತ್ತದೆ. ಕಾಯಿಸಿದ ಅಗಸೆ ಎಣ್ಣೆ (ಬಾಯಿಲ್ಡ್ ಲಿನ್‌ಸೀಡ್ ಆಯಿಲ್) ಸಾಕು. ಹಲಗೆಯ ತಳಕ್ಕೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿಸುವುದಾದರೆ ಚೌಕಟ್ಟಿಗೆ ಕೂರಿಸುವ ಮೊದಲೇ ಬಳಿಸಿ, ಕೈಗೆ ಗ್ಲೌಸ್ ಇರಲಿ, ಚರ್ಮಕ್ಕೆ ತಾಗಿದರೆ ಸುಡುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿ ಕಾವೇರಿ ಹೊತ್ತಿಕೊಳ್ಳುವುದುಂಟು. ಬಿಡಿಸಿ ಹಗ್ಗದ ಮೇಲೆ ಹರವಿ, ಪೂರ್ತಿ ಒಣಗಿದ ಮೇಲೆ ಎಸೆಯಿರಿ.